ಕಸಿ ಚಾಕು: ಹರಿತ ನೋಡುವ ಮೊದಲು ಅಲಗಿನ ಆಕಾರ ನೋಡಿ

ಮಳೆ ಹಿಡಿಯಿತು ಅಂದರೆ ಸಾಕು, "ಕಸಿ ಕಟ್ಟೋಕೆ ಯಾವ ಚಾಕು ತಗೊಳ್ಳಲಿ?" ಅಂತ ಫೋನು ಶುರುವಾಗುತ್ತದೆ. ಕಂಪನಿ ಹೆಸರು ಹೇಳಿ ಮುಗಿಸಬಹುದು. ಆದರೆ ಆಕಾರ ತಪ್ಪಿದರೆ ಎಷ್ಟು ದುಬಾರಿ ಚಾಕುವೂ ಕೈಕೊಡುತ್ತದೆ. ಅದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡೇ.

ನಮ್ಮ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಹಳೇ ಅಪ್ಪೆಮಿಡಿ ಮರ ಇತ್ತು. ಅದರ ಮಿಡಿ ಉಪ್ಪಿನಕಾಯಿ ಎರಡು ವರ್ಷ ಇಟ್ಟರೂ ಮೆತ್ತಗಾಗುತ್ತಿರಲಿಲ್ಲ. ಹಳ್ಳ ದಂಡೆ ಕೊರೆದು ಬೇರು ಹೊರಗೆ ಕಾಣತೊಡಗಿತು. ಮರ ಬೀಳುವುದರೊಳಗೆ ತಳಿ ಉಳಿಸಿಕೊಳ್ಳೋಣ ಅಂತ 25 ಕಡ್ಡಿ ತಂದು ಕಾಟು ಮಾವಿನ ಸಸಿಗಳಿಗೆ ಕಟ್ಟಿದೆ. ಹತ್ತು ದಿನ ಮೊದಲೇ ಎಲೆ ಸವರಿದ್ದೆ, ಕಟ್ಟಿದ ಮೇಲೆ ಐಸ್‌ಕ್ಯಾಂಡಿ ಕವರ್ ಹಾಕಿದ್ದೆ. ಚಾಕುವೂ ಕೈಮೇಲಿನ ಕೂದಲು ಬೋಳಿಸುವಷ್ಟು ಹರಿತ ಇತ್ತು. ಚಿಗುರಿದ್ದು ಮಾತ್ರ ಎರಡೇ.

ಪಕ್ಕದೂರಿನಲ್ಲಿ ಕಸಿ ಕಟ್ಟುವುದನ್ನೇ ಕಸುಬು ಮಾಡಿಕೊಂಡ ಹಿರಿಯರೊಬ್ಬರಿದ್ದಾರೆ. ಒಣಗಿದ ಕಸಿ ಬಿಚ್ಚಿ ತೋರಿಸಿದೆ. ಅವರು ಕಡ್ಡಿ ನೋಡಲೇ ಇಲ್ಲ, ನನ್ನ ಚಾಕು ಇಸಕೊಂಡು ನಕ್ಕರು. "ನಿನ್ನ ಕೈ ಸರಿಯಾಗೇ ಇದೆ ಮಾರಾಯ. ಚಾಕುಗೆ ಹೊಟ್ಟೆ ಬಂದಿದೆಯಲ್ಲೋ!"

ಪೇಟೆಯಲ್ಲಿ ಸಿಗುವ ಸಾಮಾನ್ಯ ಮಡಚು ಚಾಕುಗಳನ್ನು ಗಮನಿಸಿ. ಬಾಯಿ ನೇರ ಇರುವುದಿಲ್ಲ, ತುದಿಯ ಕಡೆ ಹೊಟ್ಟೆಯಂತೆ ಉಬ್ಬಿ ಮೇಲಕ್ಕೆ ಹೋಗುತ್ತದೆ. ಹಣ್ಣು ಹೆಚ್ಚಲು, ಸಿಪ್ಪೆ ತೆಗೆಯಲು ಈ ಉಬ್ಬು ಒಳ್ಳೆಯದೇ. ಎಳೆದಂತೆ ಬಾಯಿ ಜಾರುತ್ತಾ ಕೊಯ್ಯುತ್ತದೆ. ಆದರೆ ಮೃದುಕಾಂಡ ಕಸಿಯಲ್ಲಿ ಕಡ್ಡಿಯ ಬುಡವನ್ನು ನಾಲ್ಕೈದು ಸೆಂಟಿಮೀಟರ್ ಉದ್ದಕ್ಕೆ ಎರಡೂ ಕಡೆ ಸವರಿ ಬೆಣೆ ಮಾಡಬೇಕು. ಉಬ್ಬು ಬಾಯಿಯಲ್ಲಿ ಸವರಿದರೆ ಆ ಮೈ ಚಮಚದಲ್ಲಿ ಕೆರೆದ ಹಾಗೆ ನಡುವೆ ತಗ್ಗಾಗುತ್ತದೆ. ಸಸಿಯಲ್ಲಿ ಸೀಳಿದ ಜಾಗ ನೇರವಾಗಿರುತ್ತದೆ. ತಗ್ಗಾದ ಬೆಣೆ ಅದರೊಳಗೆ ಕೂತಾಗ ಮೇಲೆ ಕೆಳಗೆ ತಾಗುತ್ತದೆ, ನಡುವೆ ಸಂದು ಉಳಿಯುತ್ತದೆ.

ಕಸಿ ಬೆಸೆಯುವುದು ತೊಗಟೆಯ ಒಳಗಿರುವ ಕ್ಯಾಂಬಿಯಂ ಎಂಬ ತೆಳುವಾದ ಪದರದಿಂದ. ಸಸಿಯ ಆ ಪದರಕ್ಕೆ ಕಡ್ಡಿಯ ಆ ಪದರ ತಾಗಿದರೆ ಮಾತ್ರ ಹೊಸ ಜೀವಕೋಶ ಬೆಳೆದು ಎರಡೂ ಒಂದಾಗುತ್ತವೆ. ಕೂದಲೆಳೆಯಷ್ಟು ಸಂದು ಉಳಿದರೂ ಆ ಜಾಗ ಒಣಗುತ್ತದೆ, ಮಳೆನೀರು ಇಳಿದರೆ ಕೊಳೆಯುತ್ತದೆ. ಹೊರಗಿನಿಂದ ಎಷ್ಟು ಬಿಗಿಯಾಗಿ ಪಟ್ಟಿ ಸುತ್ತಿದರೂ ಒಳಗಿನ ತಗ್ಗು ತುಂಬುವುದಿಲ್ಲ.

ಕಸಿ ಚಾಕುವಿನ ಬಾಯಿ ಸ್ಕೇಲಿನ ಹಾಗೆ ನೇರ. ಬೆನ್ನೇ ತುದಿಯಲ್ಲಿ ಬಾಗಿ ಕೆಳಗೆ ಬರುತ್ತದೆ, ಹಾಗಾಗಿ ಚೂಪು ಮೊನೆ ಇರುವುದಿಲ್ಲ. ಇಂಗ್ಲಿಷಿನಲ್ಲಿ ಇಂಥ ಅಲಗಿಗೆ ಶೀಪ್ಸ್‌ಫುಟ್ ಅಂತಾರೆ, ಕುರಿಯ ಪಾದ ಅಂತ. ಹಡಗಿನ ಕೆಲಸದವರು ಹಗ್ಗ ಕೊಯ್ಯಲು ಬಳಸುತ್ತಿದ್ದದ್ದೂ ಇದೇ ಆಕಾರ. ಅಲುಗಾಡುವ ಹಡಗಿನಲ್ಲಿ ಮೊನೆ ಚುಚ್ಚಿಕೊಳ್ಳುವ ಭಯ ಇಲ್ಲವಲ್ಲ! ಮಳೆಯಲ್ಲಿ ಒದ್ದೆ ಕೈಯಲ್ಲಿ ಕಸಿ ಕಟ್ಟುವ ನಮಗೂ ಅದು ಅನುಕೂಲ.

ಇನ್ನೊಂದು ಮುಖ್ಯ ವಿಷಯ, ಅಸಲಿ ಕಸಿ ಚಾಕುವನ್ನು ಒಂದೇ ಕಡೆ ಮಸೆದಿರುತ್ತಾರೆ. ಇನ್ನೊಂದು ಕಡೆ ಪೂರ್ತಿ ಚಪ್ಪಟೆ. ಆ ಚಪ್ಪಟೆ ಮೈ ಕಡ್ಡಿಗೆ ಒರಗಿಕೊಂಡು ಬಡಗಿಯ ಉಳಿಯಂತೆ ಸಮತಟ್ಟಾಗಿ ಸಾಗುತ್ತದೆ. ಎರಡೂ ಕಡೆ ಮಸೆದದ್ದಾದರೆ ಒರಗಲು ಆಧಾರವಿಲ್ಲದೆ ಮೇಲೆದ್ದು ಬರುತ್ತದೆ, ಇಲ್ಲವೇ ಒಳಗೆ ಇಳಿಯುತ್ತದೆ. ಬಲಗೈಯವರಿಗೆ, ಎಡಗೈಯವರಿಗೆ ಬೇರೆ ಬೇರೆ ಚಾಕು ಬರುವುದು ಇದೇ ಕಾರಣಕ್ಕೆ. ನಿಮ್ಮ ರೂಢಿಯಂತೆ ಹಿಡಿದು ಸವರುವಾಗ ಚಪ್ಪಟೆ ಮೈ ಉಳಿಯಬೇಕಾದ ಕಡ್ಡಿಯ ಕಡೆಗೆ ಇರಬೇಕು. ಅಂಗಡಿಗೆ ಹೋಗುವಾಗ ಜೇಬಲ್ಲಿ ಎರಡು ಮಾವಿನ ಕಡ್ಡಿ ಇಟ್ಕೊಂಡು ಹೋಗಿ. ಅಂಗಡಿಯವ ಬೈದರೆ ಬೈಯಲಿ. ಗಾಜಿನ ಕೌಂಟರ್ ಮೇಲೆ ಬಾಯಿ ಊರಿ ನೋಡಿ, ಉದ್ದಕ್ಕೂ ತಾಗಬೇಕು. ಆಮೇಲೆ ಒಂದು ಕಡ್ಡಿ ಸವರಿ, ಸವರಿದ ಮೈಗೆ ಅಲಗಿನ ಚಪ್ಪಟೆ ಬದಿ ಒತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ತಗ್ಗಾಗಿದೆ ಅಂತ ಅರ್ಥ. ಕಸಿ ಕಟ್ಟುವಾಗಲೂ ನಾನು ಇದೇ ಪರೀಕ್ಷೆ ಮಾಡುತ್ತೇನೆ.

ಹಾಗಂತ ಈ ಚಾಕು ಎಲ್ಲಕ್ಕೂ ಆಗುವುದಿಲ್ಲ. ಸವರುವ ಕೆಲಸಕ್ಕೆ, ಬಳ್ಳಿ ಕೊಯ್ಯಲಿಕ್ಕೆ ಗಿಡುಗನ ಕೊಕ್ಕಿನಂತೆ ಒಳಕ್ಕೆ ಬಾಗಿದ ಅಲಗೇ ಬೇಕು. ಕುಡುಗೋಲಿನ ಗುಣವೇ ಇದರದ್ದು. ಎಳೆದಾಗ ಕಡ್ಡಿ ಜಾರದೆ ಬಾಗಿದ ಜಾಗಕ್ಕೇ ಬಂದು ಕೂರುತ್ತದೆ. ಗುಲಾಬಿ, ನಿಂಬೆ ಜಾತಿಗೆ ಕಣ್ಣು ಕಸಿ ಮಾಡುವವರ ಚಾಕುವಿನಲ್ಲಿ ತೊಗಟೆ ಎಬ್ಬಿಸಲು ಬೇರೆಯೇ ಒಂದು ಮೊಂಡು ನಾಲಿಗೆ ಇರುತ್ತದೆ. ಅಮೆರಿಕದ ದನಗಾಹಿಗಳ ಸ್ಟಾಕ್‌ಮನ್ ಚಾಕುವಿನಲ್ಲಿ ಸಾಮಾನ್ಯವಾಗಿ ಮೂರು ಅಲಗು ಒಟ್ಟಿಗೆ ಇರುತ್ತವೆ. ಒಂದು ಚೂಪು ಮೊನೆಯದು, ಒಂದು ನೇರ ಬಾಯಿಯದು, ಇನ್ನೊಂದು ತುದಿ ದುಂಡಗಿರುವ ಗಿಡ್ಡದ್ದು, ಕರುಗಳ ಬೀಜ ಒಡೆಯುವ ಕೆಲಸಕ್ಕೆ. ಒಂದೇ ಅಲಗಿನಲ್ಲಿ ಎಲ್ಲಾ ಆಗಿದ್ದರೆ ಅವರು ಯಾಕೆ ಮೂರು ಹೊರುತ್ತಿದ್ದರು?

ಮಡಚುವ ಚಾಕು ಬಳಸುವಾಗ ಒಂದು ಎಚ್ಚರಿಕೆ. ಹೆಚ್ಚಿನವುಗಳಲ್ಲಿ ಅಲಗನ್ನು ಹಿಡಿದಿಡುವುದು ಬರೀ ಸ್ಪ್ರಿಂಗ್, ಲಾಕ್ ಇರುವುದಿಲ್ಲ. ಸಸಿ ಸೀಳುವಾಗ ತುದಿಯಲ್ಲಿ ಚುಚ್ಚಿ ಒತ್ತಿದರೆ ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಬಾಯಿಯ ನಡುಭಾಗ ಇಟ್ಟು ಮೆಲ್ಲಗೆ ಅಲುಗಿಸುತ್ತಾ ಇಳಿಸಿ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಿಂದ ತಿರುಗಿಸುವ ಬಳೆಯ ಲಾಕ್ ಬಂತು. ಅಂಥದ್ದಿದ್ದರೆ ಬೆರಳಿಗೆ ಧೈರ್ಯ. ಆದರೆ ಅದರ ಮಾಮೂಲಿ ಅಲಗಿಗೂ ಹೊಟ್ಟೆ ಇದೆ, ಕಸಿಗೆ ಬೇಡ.

ಕೊನೆಗೆ ಮಸೆಯುವ ವಿಷಯ. ಹೊಸ ಕಸಿ ಚಾಕು ತಂದ ವರ್ಷವೇ ಊರಿಗೆ ಬಂದ ಸಾಣೆಯವರ ಕೈಗೆ ಕೊಟ್ಟೆ. ಅವರು ಪಾಪ, ನಿಯತ್ತಿನಿಂದ ಎರಡೂ ಕಡೆ ಸಾಣೆ ಹಿಡಿದು ಫಳಫಳ ಅನ್ನಿಸಿ ಕೊಟ್ಟರು. ಚಪ್ಪಟೆ ಮೈಯೇ ಹೋಯ್ತು! ಹೇಳದೆ ಕೊಟ್ಟದ್ದು ನನ್ನ ತಪ್ಪು. ಈಗ ನಾನೇ ಮಸೆಯುತ್ತೇನೆ. ನೇರ ಬಾಯಿಯಾದ್ದರಿಂದ ಚಪ್ಪಟೆ ಕಲ್ಲಿನ ಮೇಲೆ ಸುಲಭ. ಇಳಿಜಾರು ಇರುವ ಕಡೆ ಮಾತ್ರ ಮಸೆದು, ಚಪ್ಪಟೆ ಬದಿಯನ್ನು ಪೂರ್ತಿ ಮಲಗಿಸಿ ಒಂದೆರಡು ಸಲ ಎಳೆದರೆ ಎದ್ದ ಸಿಬಿರು ಹೋಗುತ್ತದೆ. ಕೊಕ್ಕಿನ ಅಲಗಿಗೆ ಈ ಕಲ್ಲು ಆಗದು. ದುಂಡು ಕೋಲಿಗೆ ನಯವಾದ ಉಪ್ಪುಕಾಗದ ಸುತ್ತಿ ಉಜ್ಜಬೇಕು. ಮಾವಿನ ಸೊನೆಯನ್ನು ಆಗಾಗ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಕೆಲಸ ಮುಗಿದ ಮೇಲೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿಡಿ, ಮಾರನೇ ದಿನ ಅದನ್ನು ಒರೆಸಿಯೇ ಕಡ್ಡಿಗೆ ಹಚ್ಚಿ.

ಹಳ್ಳದ ಮರ ಮುಂದಿನ ಮಳೆಗಾಲಕ್ಕೇ ಬಿತ್ತು. ಬದುಕಿದ ಆ ಎರಡು ಗಿಡದಿಂದ ಈಗ ಕಡ್ಡಿ ತೆಗೆಯುತ್ತಿದ್ದೇನೆ. ಹೋದ ವರ್ಷ 30 ಕಟ್ಟಿದ್ದೆ, 22 ಚಿಗುರಿವೆ.