ದಂಡಿನ ಪಾಲಾದ ಎಳೆಯರು

ಯುದ್ಧದ ಚರಿತ್ರೆಯಲ್ಲಿ ಅರಸರ ಹೆಸರುಗಳಿವೆ, ದಂಡನಾಯಕರ ಹೆಸರುಗಳಿವೆ. ಮನೆಯಿಂದ ಎಳೆದೊಯ್ದು ಕೈಗೆ ಬಂದೂಕು ಕೊಡಲ್ಪಟ್ಟ ಹುಡುಗರ ಹೆಸರುಗಳು ಮಾತ್ರ ಅಪರೂಪ. ಅಂತಹ ಹುಡುಗರು ದೂರದ ದೇಶಗಳಲ್ಲಿ ಮಾತ್ರವಲ್ಲ, ನಮ್ಮ ನಾಡಿನಲ್ಲಿಯೂ ಇದ್ದರು.

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ನಮ್ಮ ಗುಳೇದಗುಡ್ಡ, ಬಾದಾಮಿ, ಹುನಗುಂದ ಸೀಮೆಯು ಮೈಸೂರು, ಮರಾಠಾ ಮತ್ತು ನಿಜಾಮ ಎಂಬ ಮೂರು ಬಲಗಳ ಸೆಣಸಾಟಕ್ಕೆ ಸಿಲುಕಿದ್ದಿತು. 1786ರ ಮೇ ತಿಂಗಳಲ್ಲಿ ಬಾದಾಮಿಯ ಕೋಟೆ ಮೈಸೂರಿನವರಿಂದ ಮರಾಠಾ-ನಿಜಾಮರ ಕೈಸೇರಿತು. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ ಧಾರವಾಡದ ಕೋಟೆಗೆ ಮುತ್ತಿಗೆ ನಡೆಯಿತು. ದಂಡು ಹಾದ ದಾರಿಯಲ್ಲಿ ಪೈರೂ ಉಳಿಯದು, ಪ್ರಾಯದ ಮಕ್ಕಳೂ ಉಳಿಯರು ಎಂಬ ಭಯದ ಕಾಲವದು.

ಚಿತ್ರದುರ್ಗವೆಂದೊಡನೆ ನಮಗೆ ಒನಕೆ ಓಬವ್ವ ನೆನಪಾಗುತ್ತಾಳೆ. ಆದರೆ 1779ರಲ್ಲಿ ಹೈದರಾಲಿಗೆ ಕೋಟೆ ಒಲಿದು, ಮದಕರಿ ನಾಯಕರು ಸೆರೆಯಾದ ಮೇಲೆ ನಡೆದುದನ್ನು ನೆನೆಯುವವರು ಕಡಿಮೆ. ದುರ್ಗದ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರಲ್ಲಿನ ಬಾಲಕರನ್ನು ಬೇರ್ಪಡಿಸಿ, ಮತಾಂತರಗೊಳಿಸಿ, ಕವಾಯತು ಕಲಿಸಿ 'ಚೇಲಾ' ಪಡೆಗಳನ್ನು ಕಟ್ಟಲಾಯಿತು. ಚೇಲಾ ಎಂದರೆ ಶಿಷ್ಯ. ಗುರುವನ್ನು ತಾನೇ ಅರಸಿ ಹೋಗುವವನು ಶಿಷ್ಯ. ಇಲ್ಲಿಯಾದರೋ ಸೆರೆಯಾಳಿಗೆ ಆ ಹೆಸರು.

ಆ ದುರ್ಗದ ಮಕ್ಕಳು ತಮ್ಮ ಕಥೆ ಬರೆದಿಡಲಿಲ್ಲ. ಅದೇ ಗತಿಗೀಡಾದ ಪರದೇಶದ ಹುಡುಗನೊಬ್ಬ ಬರೆದಿಟ್ಟಿದ್ದಾನೆ. ಅವನು ಜೇಮ್ಸ್ ಸ್ಕರಿ. 1766ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವನು 'ಹ್ಯಾನಿಬಲ್' ಎಂಬ ಹಡಗಿನಲ್ಲಿದ್ದಾಗ, 1782ರಲ್ಲಿ ಫ್ರೆಂಚರಿಗೆ ಸೆರೆಸಿಕ್ಕಿ, ಅವರಿಂದ ಹೈದರಾಲಿಯ ವಶಕ್ಕೆ ಹೋದನು. ಆಗ ಅವನಿಗೆ ಹದಿನಾರರ ಪ್ರಾಯ. ಶ್ರೀರಂಗಪಟ್ಟಣದಲ್ಲಿ ಅವನನ್ನೂ ಚೇಲಾ ಪಡೆಗೆ ಸೇರಿಸಲಾಯಿತು. ಅಲ್ಲಿಯೇ ಮದುವೆಯನ್ನೂ ಮಾಡಲಾಯಿತು. ಸುಮಾರು ಹತ್ತು ವರ್ಷಗಳ ತರುವಾಯ ಹೆಂಡತಿಯನ್ನು ಬಿಟ್ಟು ತಪ್ಪಿಸಿಕೊಂಡು ಊರು ಸೇರಿದಾಗ, ಅವನಿಗೆ ತಾಯಿನುಡಿ ತೊಡರುತ್ತಿತ್ತು. ಕುರ್ಚಿಯಲ್ಲಿ ಕುಳಿತು ಉಣ್ಣುವುದೂ, ತನ್ನವರ ಉಡುಪು ತೊಡುವುದೂ ಅವನಿಗೆ ಒಗ್ಗದಾಯಿತು. ಅವನ ಆತ್ಮಕಥನವು ಅವನು ತೀರಿಹೋದ ಮೇಲೆ, 1824ರಲ್ಲಿ ಪ್ರಕಟವಾಯಿತು. ಸೆರೆಯಿಂದ ದೇಹ ಬಿಡುಗಡೆಯಾದರೂ ಕಳೆದುಹೋದ ಬಾಲ್ಯವು ಮರಳಿ ಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಆ ಯುದ್ಧದ ಕೊನೆಯ ವಾರಗಳು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ಹೊರಪಾಳೆಯದ ಮೇಲೆ ಬಿದ್ದಿತು. ಆ ಗೊಂದಲದಲ್ಲಿ, ಹಿಂದೆ ಕೊಡಗಿನಿಂದ ಒಯ್ಯಲ್ಪಟ್ಟಿದ್ದ ಸಾವಿರಾರು ಜನರು ಹೆಂಡಿರು ಮಕ್ಕಳೊಡನೆ ತಮ್ಮ ಬೆಟ್ಟಗಳ ಕಡೆಗೆ ನಡೆದುಬಿಟ್ಟರು. ಬಲವಂತದಿಂದ ಕಟ್ಟಿದ ನಿಷ್ಠೆ ಮೊದಲ ಬಿರುಕಿನಲ್ಲಿಯೇ ಸೋರಿಹೋಗುತ್ತದೆ. ಅದೇ ತಿಂಗಳ ಕೊನೆಯಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಇಂಗ್ಲಿಷರ ಪಾಳೆಯಕ್ಕೆ ಹೋಗಬೇಕಾಯಿತು. ಮಾರ್ಚ್ 18ರಂದು ಒಪ್ಪಂದವಾಯಿತು. ಯುದ್ಧದ ಸಾಲವನ್ನು ಅರಮನೆಯ ಮಕ್ಕಳೂ ತೆರಬೇಕಾಯಿತು.

ಇದನ್ನು ಒಬ್ಬ ಅರಸನ ಅಥವಾ ಒಂದು ಮತದ ದೋಷವೆಂದು ಎಣಿಸಿ ಸುಮ್ಮನಾಗುವುದು ಸುಲಭ. ಆದರೆ ಅದು ಸತ್ಯವಲ್ಲ. 'ನಾಗರಿಕ'ವೆನಿಸಿದ ಜರ್ಮನಿ 1944ರ ಶರತ್ಕಾಲದಲ್ಲಿ ಹದಿನಾರರಿಂದ ಅರವತ್ತು ವರ್ಷದವರೆಗಿನ ಗಂಡಸರನ್ನೆಲ್ಲ ಜನಪಡೆಗೆ ಸೆಳೆಯಿತು. 1945ರಲ್ಲಿ ಓಕಿನಾವಾ ದ್ವೀಪದಲ್ಲಿ ಜಪಾನಿನ ಸೇನೆ ಹದಿನಾಲ್ಕು ವರ್ಷದ ಶಾಲಾ ಬಾಲಕರನ್ನೂ ರಣಕ್ಕೆ ನೂಕಿತು. ಸೋಲು ಸಮೀಪಿಸಿದಂತೆ ಸೈನಿಕರ ವಯಸ್ಸು ಕಿರಿದಾಗುವುದು ಎಲ್ಲ ದೇಶಗಳ ಅನುಭವ.

ಹದಿನೆಂಟು ತುಂಬದವರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಕೂಡದೆಂಬ ಅಂತಾರಾಷ್ಟ್ರೀಯ ಒಪ್ಪಂದವು 2000ದಲ್ಲಿ ರೂಪುಗೊಂಡಿತು; 2005ರಲ್ಲಿ ಭಾರತವೂ ಅದನ್ನು ಒಪ್ಪಿತು. ನಮ್ಮ ದೇಶದಲ್ಲಿ ಸೈನ್ಯ ಸೇರುವುದು ಸ್ವಇಚ್ಛೆಯ ಮಾತು. ಸ್ವಇಚ್ಛೆಯಿಂದ ದೇಶಸೇವೆಗೆ ಹೊರಟ ಯುವಕನಿಗೆ ನಾವು ತಲೆಬಾಗುತ್ತೇವೆ. ಹಾಗೆ ಆರಿಸಿಕೊಳ್ಳುವ ಪ್ರಾಯ ಬರುವವರೆಗೆ ಮಕ್ಕಳನ್ನು ಕಾಯುವುದು ಹಿರಿಯರ ಹೊಣೆ. ಚಿತ್ರದುರ್ಗಕ್ಕೆ ಮಕ್ಕಳನ್ನು ಕರೆದೊಯ್ದು ಓಬವ್ವನ ಕಿಂಡಿಯನ್ನು ತೋರಿಸುವ ತಂದೆತಾಯಿಗಳು, ಹೆಸರಿಲ್ಲದೆ ಹೋದ ಆ ಹುಡುಗರ ಮಾತನ್ನೂ ಅಲ್ಲಿ ಒಮ್ಮೆ ಹೇಳಲಿ.