ಹಿಮದ ರಾತ್ರಿಗೆ ಒಂದು ಗಡಿ

ನೀಲಗಿರಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಮೋಡವೂ ಗಾಳಿಯೂ ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತಗ್ಗಿನ ಹೊಲಗಳು ಬೆಳ್ಳಗಾಗಬಹುದು. ನೆಲ, ಎಲೆ ಎರಡೂ ಶಾಖವನ್ನು ತೆರೆದ ಆಕಾಶಕ್ಕೆ ಕಳೆದುಕೊಳ್ಳುತ್ತವೆ. ತಣ್ಣಗಾದ ಗಾಳಿ ಇಳಿಜಾರಿನಿಂದ ಜಾರಿ ಹಳ್ಳದಲ್ಲಿ ನಿಲ್ಲುತ್ತದೆ. ಆಳೆತ್ತರದಲ್ಲಿಟ್ಟ ಥರ್ಮಾಮೀಟರ್ 3 ಡಿಗ್ರಿ ತೋರಿಸುವಾಗಲೇ ಎಲೆಯ ಮೇಲೆ ಹಿಮ ಕಟ್ಟಿರಬಹುದು. ಕೂಕಲ್ತೊರೈಯಂಥ ಊರಿನ ರೈತರಿಗೆ ಆ ಹೊತ್ತಿನಲ್ಲಿ ಬೇಕಾದದ್ದು, ಸ್ಪ್ರಿಂಕ್ಲರ್ ತಿರುಗಿಸಲು ಸಮಯವಿರುವಾಗಲೇ ಎಬ್ಬಿಸುವ ಗಂಟೆ. ಇಂಥ ಗಂಟೆಗೆ ಮೈಕ್ರೋಕಂಟ್ರೋಲರ್ ಒಳಗಿನ ಅನಲಾಗ್ ಕಂಪ್ಯಾರೇಟರ್ ಸಾಕು. ಆದರೆ ಗಂಟೆಯನ್ನು ನಂಬಬಹುದೇ ಎಂಬುದು ಚಿಪ್ಪಿನ ಬೆಲೆಗಿಂತ ಅದರ ಸೆಟ್ಟಿಂಗ್ ಮೇಲೆ ನಿಂತಿದೆ.

ಕಂಪ್ಯಾರೇಟರ್ ಎರಡು ವೋಲ್ಟೇಜ್‌ಗಳಲ್ಲಿ ಯಾವುದು ಹೆಚ್ಚು ಎಂದಷ್ಟೇ ಹೇಳುತ್ತದೆ. 25 ಡಿಗ್ರಿಯಲ್ಲಿ 10 ಸಾವಿರ ಓಮ್ ಇರುವ ಥರ್ಮಿಸ್ಟರ್ 0 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಅದರ ಕೆಳಗೆ 10 ಸಾವಿರ ಓಮ್‌ನ ರೆಸಿಸ್ಟರ್ ಜೋಡಿಸಿದರೆ, ಚಳಿ ಏರಿದಂತೆ ನಡುವಿನ ವೋಲ್ಟೇಜ್ ಇಳಿಯುತ್ತದೆ. ಇದನ್ನು ಹೋಲಿಸುವುದು ಯಾವುದಕ್ಕೆ? ಚಿಪ್ಪಿನೊಳಗಿನ ಸ್ಥಿರ ರೆಫರೆನ್ಸ್ ವೋಲ್ಟೇಜ್ ಎಂದೇ ಮೊದಲು ತೋಚುತ್ತದೆ, ಇಲ್ಲಿ ಅದೇ ಅಪಾಯ. ಬ್ಯಾಟರಿ ಶೇ. 10ರಷ್ಟು ಕುಸಿದರೆ ಥರ್ಮಿಸ್ಟರ್‌ನ ವೋಲ್ಟೇಜ್ ಮಾತ್ರ ಇಳಿಯುತ್ತದೆ, ರೆಫರೆನ್ಸ್ ಇಳಿಯುವುದಿಲ್ಲ. ಗಡಿ ಸುಮಾರು 3 ಡಿಗ್ರಿ ಮೇಲೆ ಸರಿದು ಗಂಟೆ ಸುಮ್ಮಸುಮ್ಮನೆ ಬಾರಿಸುತ್ತದೆ. ನಾಲ್ಕು ರಾತ್ರಿ ಹಾಗೆ ಎಬ್ಬಿಸಿದ ಗಂಟೆಯನ್ನು ಐದನೆಯ ರಾತ್ರಿ ಯಾರೂ ಚಾಲೂ ಇಡುವುದಿಲ್ಲ. ಅದೇ ಬ್ಯಾಟರಿಯಿಂದ ಎರಡು ರೆಸಿಸ್ಟರ್‌ಗಳ ಮೂಲಕ ಗಡಿಯ ವೋಲ್ಟೇಜನ್ನೂ ಪಡೆದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಹೋಲಿಕೆ ಕೆಡುವುದಿಲ್ಲ.

ಗಡಿಯ ಹತ್ತಿರ ಉಷ್ಣಾಂಶ ತೂಗಾಡುವಾಗ ಗಂಟೆ ಬಡಿದು ನಿಂತು ಮತ್ತೆ ಬಡಿಯಬಾರದು. ಅದಕ್ಕೆಂದೇ ಹಿಸ್ಟೆರೆಸಿಸ್ ಇದೆ: ಗಂಟೆ ಶುರುವಾಗುವ ಗಡಿ ಒಂದು, ನಿಲ್ಲುವ ಗಡಿ ಸ್ವಲ್ಪ ಮೇಲಿನ ಇನ್ನೊಂದು. ಟೈನಿಎವಿಆರ್ 1 ಸರಣಿಯ ಚಿಪ್‌ಗಳಲ್ಲಿ 10, 25, 50 ಮಿಲಿವೋಲ್ಟ್‌ಗಳ ಆಯ್ಕೆಯಿದೆ. 3.3 ವೋಲ್ಟಿನ ಈ ಜೋಡಣೆಯಲ್ಲಿ ಒಂದು ಡಿಗ್ರಿಗೆ ಸುಮಾರು 33 ಮಿಲಿವೋಲ್ಟ್ ಬರುವುದರಿಂದ 25 ಎಂದರೆ ಮುಕ್ಕಾಲು ಡಿಗ್ರಿ. ಹೊಲಕ್ಕೆ ಅದು ಹಿತವಾದ ಅಂತರ. ಪ್ರೋಗ್ರಾಮನ್ನು ಎಚ್ಚರಿಸುವ ಇಂಟರಪ್ಟನ್ನು ವೋಲ್ಟೇಜ್ ಗಡಿ ದಾಟಿ ಇಳಿಯುವ ಗಳಿಗೆಗೆ ಕಟ್ಟಿದ್ದರೆ ಇನ್ನೊಂದು ಬಲೆ ಕಾದಿರುತ್ತದೆ: ಯಂತ್ರ ಚಾಲೂ ಮಾಡುವಾಗಲೇ ಹೊಲ ಹೆಪ್ಪುಗಟ್ಟುವಷ್ಟು ತಣ್ಣಗಿದ್ದರೆ ದಾಟುವ ಗಳಿಗೆ ಬರುವುದೇ ಇಲ್ಲ, ಗಂಟೆ ಮೌನವಾಗಿರುತ್ತದೆ. ಆದ್ದರಿಂದ ಮೊದಲು ಕಂಪ್ಯಾರೇಟರ್‌ನ ಸದ್ಯದ ಸ್ಥಿತಿಯನ್ನು ಓದಿಯೇ ಮುಂದುವರಿಯಬೇಕು.

ನಿಮಿಷಕ್ಕೊಮ್ಮೆ ಎಚ್ಚೆತ್ತು, ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿಯಿಂದ ಉಷ್ಣಾಂಶ ಅಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗಟ್ಟಿಯಾದದ್ದೇ, ಚಳಿ ನಿಧಾನವಾಗಿ ಇಳಿಯುತ್ತದೆ, ಬ್ಯಾಟರಿಯೂ ಆ ದಾರಿಯಲ್ಲೇ ಹೆಚ್ಚು ಉಳಿಯಬಹುದು, ಏಕೆಂದರೆ ಕಂಪ್ಯಾರೇಟರ್ ಇದ್ದರೆ ರೆಸಿಸ್ಟರ್‌ಗಳಲ್ಲಿ ಇಡೀ ರಾತ್ರಿ ಕರೆಂಟ್ ಹರಿಯುತ್ತಿರಬೇಕು. ಆದರೂ ನಾನು ಕಂಪ್ಯಾರೇಟರ್ ಪರ. ಅದರ ಔಟ್‌ಪುಟ್ಟನ್ನು ನೇರವಾಗಿ ಪಿನ್ನಿಗೆ ಕೊಟ್ಟರೆ, ಪ್ರೋಗ್ರಾಮ್ ಎಲ್ಲೋ ಸಿಕ್ಕಿಬಿದ್ದರೂ ಗಂಟೆ ಬಾರಿಸುತ್ತದೆ. ಎಡಿಸಿ ಹಿಡಿದವರೂ ಎರಡು ಗಡಿಗಳನ್ನು, ಮೊದಲ ಸ್ಥಿತಿಯನ್ನು ಯೋಚಿಸಲೇಬೇಕು, ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ಗಡಿಯನ್ನು ಲೆಕ್ಕದ ಮೇಲೆ ಮಾತ್ರ ಬಿಡಬಾರದು. ಪುಡಿಮಾಡಿದ ಮಂಜುಗಡ್ಡೆ ಬೆರೆಸಿದ ನೀರು ಕಲಕುತ್ತಿದ್ದರೆ 0 ಡಿಗ್ರಿಯಲ್ಲಿ ನಿಲ್ಲುತ್ತದೆ. ನೀರು ತಾಗದಂತೆ ಸುತ್ತಿದ ಥರ್ಮಿಸ್ಟರನ್ನು ಅದರಲ್ಲಿ ಮುಳುಗಿಸಿ ವೋಲ್ಟೇಜ್ ಬರೆದಿಟ್ಟುಕೊಂಡು, ಗಡಿಯನ್ನು ಅದಕ್ಕಿಂತ ಎರಡು ಡಿಗ್ರಿ ಮೇಲಿಟ್ಟು, ಥರ್ಮಿಸ್ಟರನ್ನು ಹೊಲದ ತಗ್ಗಿನಲ್ಲಿ ಎಲೆಯ ಮಟ್ಟಕ್ಕೇ ಕಟ್ಟಬೇಕು.