ಕೊಡಗಿನ ಐನ್‌ಮನೆ: ಮರಗೆಲಸವೂ ಒಡೆತನವೂ

ಉತ್ತರ ಯೂರೋಪಿನಿಂದ ಅಮೆರಿಕಕ್ಕೆ ಹೋಗಿ ಕಾಡು ಕಡಿದು ನೆಲೆನಿಂತ ಬೇಸಾಯಗಾರರು ಮರದ ದಿಮ್ಮಿಗಳನ್ನು ಅಡ್ಡಲಾಗಿ ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೂಡಿಸಿ ಮನೆ ಕಟ್ಟಿಕೊಂಡರು. ಅಂತಹ ಕೆಲವು ಮೂಲಮನೆಗಳನ್ನು ಅಲ್ಲಿ ಈಗ ವಸ್ತುಸಂಗ್ರಹಾಲಯಗಳಾಗಿ ಕಾಪಾಡಲಾಗಿದೆ. ನಮ್ಮಲ್ಲಿ ಇದಕ್ಕೆ ಹತ್ತಿರದ್ದನ್ನು ಅರಸುವವರು ಕೊಡಗಿನ ಐನ್‌ಮನೆಯನ್ನು ಪರಿಶೀಲಿಸತಕ್ಕದ್ದು.

ಒಬ್ಬ ಮೂಲಪುರುಷನಿಂದ ಗಂಡುಸಂತತಿಯಲ್ಲಿ ಇಳಿದುಬಂದು ಒಂದೇ ಮನೆತನದ ಹೆಸರನ್ನು ಹೊತ್ತವರ ಸಮೂಹಕ್ಕೆ ಕೊಡವರಲ್ಲಿ ಒಕ್ಕವೆಂದು ಹೆಸರು. ಒಕ್ಕದ ಮೂಲಮನೆಯೇ ಐನ್‌ಮನೆ. ಸಾಮಾನ್ಯವಾಗಿ ಅದು ಗದ್ದೆಬಯಲಿನ ಅಂಚಿನ ಏರಿನಲ್ಲಿರುತ್ತದೆ. ಮಣ್ಣಿನ ದಂಡೆಗಳ ನಡುವೆ ತಿರುತಿರುಗಿ ಸಾಗುವ ಓಣಿಯೊಂದು ನಮ್ಮನ್ನು ಅಂಗಳಕ್ಕೆ ತಲಪಿಸುತ್ತದೆ. ಬಳಿಯಲ್ಲಿ ಕಾರಣವನ, ಎಂದರೆ ಆ ಮೂಲಪುರುಷನ, ಚಿಕ್ಕ ಗುಡಿಯಾದ ಕೈಮಡವುಂಟು.

ಇಲ್ಲಿ ದಿಮ್ಮಿಗಳ ಗೋಡೆಯಿಲ್ಲ, ಗೋಡೆ ಮಣ್ಣಿನದು. ತಿಂಗಳುಗಟ್ಟಲೆ ಮಳೆ ಸುರಿಯುವ, ಗೆದ್ದಲು ಕಾಡುವ ಈ ಸೀಮೆಯಲ್ಲಿ ನೆಲಕ್ಕೆ ತಾಗಿದ ಮರದ ಗೋಡೆ ಬಾಳುವುದು ಕಷ್ಟ. ಆದುದರಿಂದ ಮರವು ಕಂಬ, ತೊಲೆ, ಬಾಗಿಲುವಾಡಗಳಾಗಿ ಮೇಲಕ್ಕೆದ್ದಿತು; ಅದರ ಮೇಲೆ ಹುಲ್ಲಿನ ಮಾಡು ಕುಳಿತಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಹುಲ್ಲಿನ ಜಾಗಕ್ಕೆ ಕ್ರಮೇಣ ಹೆಂಚು ಬಂದಿತು. ಮರಗೆಲಸದ ಹೆಮ್ಮೆಯೆಲ್ಲ ಕಾಣುವುದು ಕೈಯಾಲೆಯೆಂಬ ಮುಂಜಗಲಿಯಲ್ಲಿ. ಕೆತ್ತನೆಯ ಕಂಬಗಳ ನಡುವೆ ಐಮರವೆಂಬ ದಪ್ಪ ಹಲಗೆಯನ್ನು ಆಸನವಾಗಿ ಹಾಸಿರುತ್ತಾರೆ. ಹಿರಿಯರು ಕುಳಿತು ಒಕ್ಕದ ವ್ಯವಹಾರಗಳನ್ನು ವಿಚಾರಿಸುತ್ತಿದ್ದುದು ಇದರ ಮೇಲೆಯೇ. ಒಳಗಿನ ನಡುಮನೆಯಲ್ಲಿ ತೂಗುದೀಪವಿದ್ದು, ಮದುವೆ ಮೊದಲಾದ ಶುಭಕಾರ್ಯಗಳು ಅದರ ಸನ್ನಿಧಿಯಲ್ಲಿ ಸಾಗುತ್ತವೆ.

ಮರಕ್ಕಿಂತ ಒಡೆತನದ ಪ್ರಶ್ನೆಯೇ ಇಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. ಐನ್‌ಮನೆಯು ಯಾವ ಒಬ್ಬನ ಸ್ವತ್ತೂ ಅಲ್ಲ; ಒಕ್ಕದವರೆಲ್ಲರದು. 1850ರ ದಶಕದಿಂದ ಕಾಫಿಯ ಬೇಸಾಯ ಹಬ್ಬಿದಂತೆ ಅನೇಕರು ತಮ್ಮ ತಮ್ಮ ತೋಟಗಳಲ್ಲಿ ಮನೆ ಕಟ್ಟಿಕೊಂಡರು. ಮುಂದೆ ಸೈನ್ಯ, ಸರ್ಕಾರಿ ನೌಕರಿ, ಬೆಂಗಳೂರು. ಅವಿಭಕ್ತ ಕುಟುಂಬ ಚದುರಿತು, ಅವಿಭಕ್ತವಾದ ಮನೆ ಮಾತ್ರ ಉಳಿಯಿತು. ಪುತ್ತರಿಯ ದಿನ ಕದಿರು ತೆಗೆಯುವುದಕ್ಕೂ, ಕಾರಣವನಿಗೆ ಎಡೆಯಿಡುವುದಕ್ಕೂ ಒಕ್ಕದವರು ಅಲ್ಲಿ ಕೂಡುತ್ತಾರೆ. ಕಟ್ಟಡವನ್ನು ಇಂದಿನವರೆಗೆ ಉಳಿಸಿರುವುದು ಮುಖ್ಯವಾಗಿ ಈ ಕೂಟಗಳೇ. ಆದರೆ ಎಲ್ಲರ ಮನೆಯ ಸೋರುವ ಮಾಡನ್ನು ರಿಪೇರಿ ಮಾಡಿಸುವ ಹೊಣೆ ಯಾರದು? ಹಳೆಯ ತೊಲೆಗೆ ಸಮನಾದ ಮರ ದೊರಕುವುದೂ ದುರ್ಲಭ. ಕೆಲವು ಒಕ್ಕಗಳವರು ವಂತಿಗೆಯೆತ್ತಿ ಹಳೆಯ ರೂಪವನ್ನು ಕಾಪಾಡಿದ್ದಾರೆ. ಮತ್ತೆ ಕೆಲವರು ಅದನ್ನು ಕೆಡವಿ ಕಾಂಕ್ರೀಟಿನ ಐನ್‌ಮನೆಯನ್ನೇ ಎಬ್ಬಿಸಿದ್ದಾರೆ. ಎರಡನೆಯವರನ್ನು ನಾವು ಹಳಿಯುವಂತಿಲ್ಲ, ದೀಪವಂತೂ ಅಲ್ಲಿಯೂ ಉರಿಯುತ್ತಿದೆ, ನಷ್ಟವಾದುದು ಮರಗೆಲಸ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ಕೊಡವರ ಹಾಡು, ಪದ್ಧತಿಗಳನ್ನು ಬರಹಕ್ಕೆ ತಂದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಊರೂರು ತಿರುಗಿ ಐನ್‌ಮನೆಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ 2014ರಲ್ಲಿ ಹೊರಬಂದಿತು. ಇನ್ನು ಆಗಬೇಕಾದುದು ಅಳತೆಯ ನಕ್ಷೆಗಳ ಕೆಲಸ: ಯಾವ ಕಂಬ ಯಾವ ಮರದ್ದು, ಕೀಲು ಎಲ್ಲಿ ಹೇಗೆ ಕೂಡಿದೆ ಎಂಬುದನ್ನು ಮನೆಮನೆಗೆ ಹೋಗಿ ಬರೆದಿಡುವುದು. ಒಂದು ಬೇಸಿಗೆಯ ರಜದಲ್ಲಿ ನಾಲ್ವರು ವಿದ್ಯಾರ್ಥಿಗಳು ಒಂದೆರಡು ಮನೆಗಳನ್ನಾದರೂ ಹೀಗೆ ಅಳೆದು ಮುಗಿಸಬಹುದು. ಒಕ್ಕದ ಹಿರಿಯರ ಅನುಮತಿ ಮೊದಲು ಬೇಕು.